ಹೊಳೆಬದಿಯ ಜಾಗ ಮಾರುವ ಮೊದಲು...

ನೇತ್ರಾವತಿ, ಫಲ್ಗುಣಿ, ಶಾಂಭವಿ, ನಂದಿನಿ. ಈ ಹೊಳೆಗಳ ಬದಿಯಲ್ಲಿ ನಮ್ಮವರ ಮನೆಗಳು ಯಾಕೆ ಇಷ್ಟು ಉಂಟು ಅಂತ ಈಗಿನ ಮಕ್ಕಳು ಕೇಳಿದರೆ ಉತ್ತರ ಸುಲಭ. ಹಿಂದೆ ಹೊಳೆಯೇ ರಸ್ತೆ. ಅಕ್ಕಿ, ಉಪ್ಪು, ಒಣಮೀನು, ತೆಂಗಿನಕಾಯಿ, ಹಂಚು ಎಲ್ಲ ದೋಣಿಯಲ್ಲೇ ಹೋಗುತ್ತಿತ್ತು, ದೋಣಿಯಲ್ಲೇ ಬರುತ್ತಿತ್ತು. ಬ್ಯಾರಿಗಳು ವ್ಯಾಪಾರದವರು. ವ್ಯಾಪಾರ ಹೊಳೆಯ ಮೇಲೆ ನಡೆಯುತ್ತಿದ್ದ ಕಾರಣ ಮನೆಯೂ ಹೊಳೆಯ ಹತ್ತಿರ. ಸೇತುವೆ, ಹೆದ್ದಾರಿ ಬಂದ ಮೇಲೆ ನಾವು ಹೊಳೆಗೆ ಬೆನ್ನು ಹಾಕಿದೆವು. ಮನೆಯ ಎದುರು ರಸ್ತೆಯ ಕಡೆಗೆ ತಿರುಗಿತು, ಹೊಳೆ ಇದ್ದ ಕಡೆ ಹಿತ್ತಿಲಾಯಿತು. ಹಿತ್ತಿಲು ಅಂದರೆ ಕಸ ಎಸೆಯುವ ಜಾಗ ಎನ್ನುವ ಹಾಗೆ ಆಯಿತು.

ಈಗ ಆ ಹಿತ್ತಿಲಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಿದೆ. ಬ್ರೋಕರ್‌ಗಳು ಮನೆ ಬಾಗಿಲಿಗೆ ಬರುತ್ತಿದ್ದಾರೆ. "ಹೊಳೆ ಕಾಣುವ ಹತ್ತು ಸೆಂಟ್ಸ್ ಕೊಡಿ, ಒಳ್ಳೆ ರೇಟು ಮಾಡಿ ಕೊಡ್ತೇವೆ" ಅನ್ನುತ್ತಾರೆ. ಮಗಳ ಮದುವೆ ಹತ್ತಿರ ಇದ್ದವರಿಗೆ, ಗಲ್ಫಿನಿಂದ ಕೆಲಸ ಬಿಟ್ಟು ಬಂದು ಕೈ ಖಾಲಿ ಆದವರಿಗೆ ಈ ಮಾತು ಸಿಹಿಯಾಗಿಯೇ ಕೇಳುತ್ತದೆ. ಮಾರಿದವರನ್ನು ದೂರುವುದು ನಮ್ಮ ಉದ್ದೇಶ ಅಲ್ಲ. ಆದರೆ ಬ್ರೋಕರ್ ಆ ಹತ್ತು ಸೆಂಟ್ಸಿನಲ್ಲಿ ಏನನ್ನು ನೋಡುತ್ತಿದ್ದಾನೆ, ಅದನ್ನು ನಾವೇ ಯಾಕೆ ನೋಡುತ್ತಿಲ್ಲ ಎನ್ನುವುದನ್ನು ಒಮ್ಮೆ ಕೂತು ಮಾತಾಡಬೇಕು ಅಂತ ಅನಿಸಿತು.

ಅವನು ನೋಡುತ್ತಿರುವುದು ಪ್ರವಾಸಿಯನ್ನು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ವಾರವಿಡೀ ಕೂತವನಿಗೆ ಎರಡು ದಿನ ಹೊಳೆ, ತೆಂಗಿನ ತೋಟ, ಬಂಗುಡೆ ಸಾರು ಬೇಕು. ಅದಕ್ಕೆ ಅವನು ದುಡ್ಡು ಕೊಡಲು ತಯಾರಿದ್ದಾನೆ. ಆ ದುಡ್ಡು ಯಾರ ಕೈಗೆ ಹೋಗಬೇಕು ಎಂಬುದೇ ಪ್ರಶ್ನೆ. ಜಾಗ ಮಾರಿದರೆ ಒಮ್ಮೆ ನಮ್ಮ ಕೈಗೆ, ಮತ್ತೆ ಯಾವಾಗಲೂ ರೆಸಾರ್ಟಿನವರ ಕೈಗೆ. ಜಾಗ ಇಟ್ಟುಕೊಂಡು, ಮನೆ ಇಟ್ಟುಕೊಂಡು, ಹೊಳೆಯನ್ನೂ ಉಳಿಸಿಕೊಂಡು ದುಡಿಯುವ ದಾರಿಗೆ ಪರಿಸರ ಪ್ರವಾಸೋದ್ಯಮ ಎನ್ನುತ್ತಾರೆ. ಇಕೋ ಟೂರಿಸಂ ಎಂದರೆ ಎಲ್ಲರಿಗೂ ಬೇಗ ಅರ್ಥ ಆಗಬಹುದು.

ಈ ಹೆಸರನ್ನು ಈಗ ಯಾರು ಬೇಕಾದರೂ ಬೋರ್ಡಿಗೆ ಹಾಕುತ್ತಾರೆ. ಗುಡ್ಡ ಕಡಿದು, ಈಜುಕೊಳ ತೋಡಿ, ನಾಲ್ಕು ಬಿದಿರಿನ ಗುಡಿಸಲು ಕಟ್ಟಿ ಇಕೋ ರೆಸಾರ್ಟ್ ಅಂತ ಬರೆದರೆ ಅದು ಇಕೋ ಆಗುವುದಿಲ್ಲ. ಬಂದವನಿಂದ ಹೊಳೆಗೆ, ಕಾಡಿಗೆ ತೊಂದರೆ ಆಗಬಾರದು. ಅವನು ಕೊಟ್ಟ ಹಣದ ದೊಡ್ಡ ಪಾಲು ಊರಿನಲ್ಲೇ ಉಳಿಯಬೇಕು. ಏನು ಬೇಕು, ಏನು ಬೇಡ ಅಂತ ಹೇಳುವ ಹಕ್ಕು ಊರಿನವರ ಕೈಯಲ್ಲಿ ಇರಬೇಕು. ಈ ಕೊನೆಯದೇ ಮುಖ್ಯ ಎಂದು ನಮ್ಮ ಅಭಿಪ್ರಾಯ. ಅದೊಂದು ಹೋದರೆ ಉಳಿದ ಎರಡೂ ಹೋದ ಹಾಗೆ.

ತೊಗಟೆ ಕದ್ದವರು ಕಾವಲುಗಾರರಾದರು

ಇದು ಭಾಷಣದ ಮಾತು ಮಾತ್ರ ಅಲ್ಲ ಎನ್ನುವುದಕ್ಕೆ ನೆರೆಯ ಕೇರಳದಲ್ಲೇ ಸಾಕ್ಷಿ ಉಂಟು. ಇಡುಕ್ಕಿ ಜಿಲ್ಲೆಯ ತೇಕ್ಕಡಿ ಹೆಸರು ಎಲ್ಲರೂ ಕೇಳಿರುತ್ತೀರಿ, ಟೂರ್ ಹೋದವರೂ ಇರಬಹುದು. ಅಲ್ಲಿಯ ಪೆರಿಯಾರ್ ಕಾಡು 1978ರಲ್ಲಿ ಹುಲಿ ರಕ್ಷಿತಾರಣ್ಯ ಆಯಿತು. ಆದರೆ ಕಾಡಿನ ಅಂಚಿನ ಜನರ ಬದುಕು ಕಾಡಿನಲ್ಲೇ ಇತ್ತು. ಕಾಡು ದಾಲ್ಚಿನ್ನಿ ಮರದ ತೊಗಟೆಯನ್ನು ಅಲ್ಲಿ ವಯನ ಅನ್ನುತ್ತಾರೆ. ಅದನ್ನು ಕದ್ದು ಸುಲಿದು ಮಾರುವ ಗುಂಪುಗಳಿದ್ದವು. ತೊಗಟೆ ಸುಲಿದರೆ ಮರ ಸಾಯುತ್ತದೆ. ಸಿಕ್ಕಿಬಿದ್ದವನಿಗೆ ಕೇಸು, ಕೋರ್ಟು, ಜಾಮೀನು. ಜಾಮೀನಿನ ಸಾಲ ತೀರಿಸಲು ಮತ್ತೆ ಕಾಡಿಗೆ. ಲಾಭ ಮಾತ್ರ ಹೊರಗಿನ ವ್ಯಾಪಾರಿಗೆ.

1996ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ಅಲ್ಲಿ ಪರಿಸರ ಅಭಿವೃದ್ಧಿ ಯೋಜನೆ ನಡೆಯಿತು. ಊರೂರಿಗೆ ಇಕೋ ಡೆವಲಪ್‌ಮೆಂಟ್ ಸಮಿತಿಗಳಾದವು. ಆಗ ಅರಣ್ಯ ಇಲಾಖೆಯವರು ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದರು. ತೊಗಟೆ ಕದಿಯುತ್ತಿದ್ದ 20ಕ್ಕೂ ಹೆಚ್ಚು ಮಂದಿಯನ್ನು ಕರೆದು ಕೂರಿಸಿ ಮಾತಾಡಿದರು. ಈ ಕಾಡಿನ ಒಳದಾರಿ ನಿಮಗೆ ಗೊತ್ತಿದ್ದಷ್ಟು ನಮಗೂ ಗೊತ್ತಿಲ್ಲ, ಕದಿಯುವುದು ಬಿಟ್ಟು ಪ್ರವಾಸಿಗಳಿಗೆ ದಾರಿ ತೋರಿಸಿ ಎನ್ನುವುದು ಒಪ್ಪಂದದ ಸಾರ. ಕೇಸುಗಳ ವಿಚಾರದಲ್ಲಿ ಇಲಾಖೆ ಮೃದುವಾಯಿತು. 1998ರ ಹೊತ್ತಿಗೆ ಅವರದ್ದೇ ಒಂದು ಸಮಿತಿ ಆಯಿತು. ಬೆರಳೆಣಿಕೆಯ ಅತಿಥಿಗಳನ್ನು ಕಾಡಿನೊಳಗೆ ನಡೆಸಿಕೊಂಡು ಹೋಗಿ, ಟೆಂಟಿನಲ್ಲಿ ರಾತ್ರಿ ಉಳಿಸಿ, ಅಡುಗೆ ಮಾಡಿ ಬಡಿಸಿ, ಮರುದಿನ ಸುರಕ್ಷಿತವಾಗಿ ಕರೆತರುವುದು ಅವರ ಕೆಲಸ. ಪೆರಿಯಾರ್ ಟೈಗರ್ ಟ್ರೇಲ್ ಎಂದು ಆ ನಡಿಗೆಗೆ ಹೆಸರು. ಕಳ್ಳರ ದಾರಿ ಗೊತ್ತಿದ್ದವರೇ ಕಾಡಿನಲ್ಲಿ ಓಡಾಡುವಾಗ ಹೊಸ ಕಳ್ಳರಿಗೆ ಜಾಗ ಎಲ್ಲಿ? ಕಾವಲೂ ಆಯಿತು, ಸಂಪಾದನೆಯೂ ಆಯಿತು.

ನಮಗೆ ಅದಕ್ಕಿಂತ ಹೆಚ್ಚು ಇಷ್ಟವಾದ ಸಂಗತಿ ಕಾಳುಮೆಣಸಿನದ್ದು. ಅಲ್ಲಿಯ ಮನ್ನಾನ್, ಪಳಿಯನ್ ಎಂಬ ಬುಡಕಟ್ಟಿನವರು ಮೆಣಸು ಬೆಳೆಯುತ್ತಿದ್ದರು. ಆದರೆ ಬೆಳೆ ಬರುವ ಮೊದಲೇ ವ್ಯಾಪಾರಿಯಿಂದ ಸಾಲ ತಂದು ತೋಟ ಅವನ ಹಿಡಿತಕ್ಕೆ ಹೋಗುತ್ತಿತ್ತು. ಸಮಿತಿ ಬಂದ ಮೇಲೆ ಆ ಸಾಲ ತೀರಿಸಿ ಮೆಣಸನ್ನು ಅವರೇ ಮಾರುವ ಹಾಗೆ ಆಯಿತು. ವ್ಯಾಪಾರದ ಸಮುದಾಯದವರಾದ ನಮಗೆ ಈ ಮುಂಗಡ ಸಾಲದ ಆಟ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದರ ಎರಡೂ ಬದಿಯಲ್ಲಿ ನಮ್ಮವರು ನಿಂತದ್ದುಂಟು.

ಇನ್ನೊಂದು, ವಸಂತ ಸೇನೆ. ಹೆಂಗಸರ ಗುಂಪು. ದಿನಕ್ಕೆ ಇಂತಿಷ್ಟು ಮಂದಿ ಅಂತ ಸರದಿ ಹಾಕಿಕೊಂಡು ಸಂಬಳ ಇಲ್ಲದೆ ಕಾಡಿನ ಗಸ್ತು ತಿರುಗುತ್ತಾರೆ. ಕಾಡು ಉಳಿದರೆ ತಮ್ಮ ಮನೆಯ ಸಂಪಾದನೆ ಉಳಿಯುತ್ತದೆ ಅಂತ ಅವರಿಗೆ ಗೊತ್ತು. 2004ರಲ್ಲಿ ಪೆರಿಯಾರ್ ಫೌಂಡೇಶನ್ ಎಂಬ ಟ್ರಸ್ಟ್ ಆದ ಮೇಲೆ, ಹೊರಗಿನ ಅನುದಾನ ನಿಂತರೂ ಕೆಲಸ ನಿಲ್ಲದ ವ್ಯವಸ್ಥೆ ಆಯಿತು. ಸರಕಾರದ ಯೋಜನೆ ಮುಗಿದ ಮರುದಿನ ಬೋರ್ಡು ಮಾತ್ರ ಉಳಿಯುವುದನ್ನು ನಾವು ಎಷ್ಟು ಸಲ ನೋಡಿಲ್ಲ!

ಕುಮರಕಂನದ್ದು ಬೇರೆ ಕತೆ. ಅಲ್ಲಿ ಹಿನ್ನೀರಿನ ಬದಿಯಲ್ಲಿ ದೊಡ್ಡ ದೊಡ್ಡ ಹೋಟೆಲುಗಳು ಆಗಲೇ ಬಂದು ಕೂತಿದ್ದವು. ಊರಿನವರಿಗೆ ಸಿಕ್ಕಿದ್ದು ಕಸ ಮತ್ತು ಏರಿದ ಜಾಗದ ಬೆಲೆ. 2008ರಲ್ಲಿ ಕೇರಳ ಸರಕಾರ ಜವಾಬ್ದಾರಿಯುತ ಪ್ರವಾಸೋದ್ಯಮ ಅಂತ ಶುರು ಮಾಡಿ, ಹೋಟೆಲಿನವರು ತರಕಾರಿ, ಮೊಟ್ಟೆ, ಮೀನು, ತೆಂಗಿನಕಾಯಿಯನ್ನು ಊರಿನವರಿಂದ, ಮುಖ್ಯವಾಗಿ ಕುಟುಂಬಶ್ರೀ ಹೆಂಗಸರ ಗುಂಪುಗಳಿಂದ ಕೊಳ್ಳುವ ಹಾಗೆ ಮಾಡಿತು. ಪಾಳುಬಿದ್ದ ಗದ್ದೆಗಳಲ್ಲಿ ಮತ್ತೆ ಬೇಸಾಯ ಆಯಿತು. ಹಗ್ಗ ಹೊಸೆಯುವುದು, ಮಡಲು ಹೆಣೆಯುವುದು, ಬಲೆ ಬೀಸುವುದು ಇದನ್ನೆಲ್ಲ ನೋಡಲಿಕ್ಕೆ, ಕೈಯಲ್ಲಿ ಮಾಡಿ ಕಲಿಯಲಿಕ್ಕೆ ಪ್ರವಾಸಿಗಳು ದುಡ್ಡು ಕೊಟ್ಟು ಬರುತ್ತಾರೆ. ಈ ಕೆಲಸಕ್ಕೆ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಪ್ರಶಸ್ತಿಯೂ ಕೇರಳಕ್ಕೆ ಬಂತು. 2017ರಲ್ಲಿ ಅದು ಇಡೀ ರಾಜ್ಯದ ಮಿಷನ್ ಆಯಿತು.

ನಮ್ಮ ಕರಾವಳಿಯಲ್ಲಿ ಏನುಂಟು?

"ಅದೆಲ್ಲ ಕೇರಳದಲ್ಲಿ ಆಗ್ತದೆ ಉಸ್ತಾದ್ರೇ, ನಮ್ಮಲ್ಲಿ ಎಂತ ಉಂಟು ನೋಡ್ಲಿಕ್ಕೆ?" ಎನ್ನುವ ಮಾತು ಬಂದೇ ಬರುತ್ತದೆ. ಉಂಟು. ನಮಗೆ ದಿನಾ ನೋಡಿ ಅಭ್ಯಾಸ ಆದ ಕಾರಣ ಕಾಣುವುದಿಲ್ಲ ಅಷ್ಟೇ.

ಮುಲ್ಕಿಯಲ್ಲಿ ಮೀನುಗಾರರ ಮನೆಯ ಹುಡುಗರು ಸರ್ಫಿಂಗ್ ಕಲಿತು ದೇಶದ ಮಟ್ಟದಲ್ಲಿ ಗೆದ್ದಿದ್ದಾರೆ. ಶಾಂಭವಿ, ನಂದಿನಿ ಹೊಳೆಗಳು ಸಮುದ್ರ ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತು. ಅಲೆಯ ಮೇಲೆ ಹಲಗೆ ಹಿಡಿದು ನಿಲ್ಲುವುದರಿಂದ ಹೊಟ್ಟೆ ತುಂಬುತ್ತದಾ ಅಂತ ಹಿರಿಯರು ನಕ್ಕಿರಬಹುದು. ಈಗ ಆ ಹುಡುಗರಲ್ಲಿ ಕೆಲವರು ಕಲಿಸುವವರಾಗಿದ್ದಾರೆ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಸ್ಥಳೀಯ ಯುವಕರು ಸೀತಾ ನದಿಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕಿಂಗ್ ನಡೆಸುತ್ತಾರೆ. ಎಂಜಿನ್ ಇಲ್ಲ, ಹೊಗೆ ಇಲ್ಲ, ಹುಟ್ಟು ಹಾಕಿಕೊಂಡು ಹೋಗುವುದು. ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾವನದ ಒಳಗೆ ಅರಣ್ಯ ಇಲಾಖೆ ಮರದ ಕಾಲುಹಾದಿ ಮಾಡಿದೆ. ಅಲ್ಲಿ ದೋಣಿ ಬಿಡುವವರು ಸ್ಥಳೀಯರು. ಪಡುಬಿದ್ರಿಯ ಕಡಲತೀರಕ್ಕೂ ಕಾಸರಕೋಡಿಗೂ 2020ರ ಅಕ್ಟೋಬರ್‌ನಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ದೇಶದ ಮೊದಲ ಎಂಟು ತೀರಗಳಲ್ಲಿ ಎರಡು ನಮ್ಮ ಕರಾವಳಿಯವು. ನೀರಿನ ಶುದ್ಧತೆ, ಕಸ, ಶೌಚಾಲಯ, ಸುರಕ್ಷೆ ಹೀಗೆ 33 ವಿಷಯಗಳನ್ನು ಪರೀಕ್ಷೆ ಮಾಡಿ ಕೊಡುವ ಗುರುತು ಅದು.

ಕಾಂಡ್ಲಾ ಗಿಡದ ಬಗ್ಗೆ ನಾಲ್ಕು ಮಾತು ಹೇಳದೆ ಹೋಗಲಿಕ್ಕೆ ಆಗುವುದಿಲ್ಲ. ನಮ್ಮ ಊರುಗಳಲ್ಲಿ ಅದನ್ನು ಕಟ್ಟಿಗೆಗೆ ಕಡಿದು ಮುಗಿಸಿದ್ದೇ ಹೆಚ್ಚು. ಉಪ್ಪು ನೀರು, ಕೆಸರು, ಸೊಳ್ಳೆ, ಇದರಿಂದ ಏನು ಪ್ರಯೋಜನ ಅಂತ. ಆದರೆ ಆ ಬೇರುಗಳ ಸಂದಿಯಲ್ಲೇ ಸಿಗಡಿ, ಏಡಿ ಮತ್ತು ಎಷ್ಟೋ ಜಾತಿಯ ಮೀನಿನ ಮರಿಗಳು ಬೆಳೆಯುವುದು. ಅಲ್ಲಿ ಮರಿ ಉಳಿಯದಿದ್ದರೆ ಬಲೆಗೆ ಮೀನು ಬರುವುದು ಎಲ್ಲಿಂದ? ಬಿರುಗಾಳಿ, ನೆರೆ ಬಂದಾಗ ದಡ ಕುಸಿಯದ ಹಾಗೆ ಹಿಡಿದು ನಿಲ್ಲಿಸುವುದೂ ಅದೇ. ಕಣ್ಣೂರು ಜಿಲ್ಲೆಯ ಪಳಯಂಗಾಡಿಯ ಕಲ್ಲೇನ್ ಪೊಕ್ಕುಡನ್ ಎಂಬ ದಲಿತ ಕೃಷಿಕರು 1989ರಲ್ಲಿ ಹೊಳೆಯ ದಂಡೆಯಲ್ಲಿ ಕಾಂಡ್ಲಾ ಸಸಿ ನೆಡಲು ಶುರು ಮಾಡಿದ್ದು ಶಾಲೆಗೆ ನಡೆದು ಹೋಗುವ ಮಕ್ಕಳಿಗೆ ಗಾಳಿ, ಅಲೆಯಿಂದ ತೊಂದರೆ ಆಗಬಾರದು ಎಂದು. ಜನ ಮೊದಲು ಹುಚ್ಚು ಅಂದರು. 2015ರಲ್ಲಿ ಅವರು ತೀರಿಹೋಗುವಾಗ ಅವರ ಹೆಸರೇ ಕಂಡಲ್ ಪೊಕ್ಕುಡನ್ ಎಂದಾಗಿತ್ತು. ಅವರು ನೆಟ್ಟ ಗಿಡ ನೋಡಲು ದೂರದೂರದ ವಿದ್ಯಾರ್ಥಿಗಳು ಬಂದರು. ನಮ್ಮ ಮಕ್ಕಳೂ ಮದ್ರಸಕ್ಕೆ, ಶಾಲೆಗೆ ಇಂಥದೇ ದಂಡೆಯ ಮೇಲೆ ನಡೆದು ಬರುತ್ತಾರೆ.

ಇನ್ನು ಮನೆಯೊಳಗೆ ಬರೋಣ. ನಮ್ಮ ಹೆಂಗಸರ ಕೈಗೆ ಇಷ್ಟು ವರ್ಷ ನಾಲ್ಕು ಕಾಸು ಕೊಟ್ಟದ್ದು ಬೀಡಿ. ಮಡಿಲಲ್ಲಿ ಸೂಪು ಇಟ್ಟುಕೊಂಡು, ಕುತ್ತಿಗೆ ಬಗ್ಗಿಸಿ, ಹೊಗೆಸೊಪ್ಪಿನ ಪುಡಿ ಕುಡಿದು ಮಕ್ಕಳನ್ನು ಓದಿಸಿದ ತಾಯಂದಿರು ಪ್ರತಿ ಊರಲ್ಲೂ ಇದ್ದಾರೆ. ಈಗ ಬೀಡಿ ಕೆಲಸ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದೆ. ಅದರ ಬದಲು ಎಂತ ಅಂತ ಯಾರೂ ಹೇಳುತ್ತಿಲ್ಲ. ಅದೇ ಕೈಗಳು ಪತ್ತಿರ್, ಪಿಂಡಿ, ನೀರುದೋಸೆ, ಮರುವಾಯಿ ಸುಕ್ಕ, ಬ್ಯಾರಿ ಬಿರಿಯಾನಿ ಮಾಡುವ ಕೈಗಳು. ಈ ಊಟಕ್ಕೆ ಪೇಟೆಯ ಹೋಟೆಲಿನಲ್ಲಿ ಜನ ಕ್ಯೂ ನಿಲ್ಲುತ್ತಾರೆ. ಮನೆಯಲ್ಲಿ ಮಾಡಿದ್ದು ಮನೆಯಲ್ಲೇ ತಿನ್ನಲು ಸಿಗುತ್ತದೆ ಎಂದರೆ ಬಾರದೆ ಇರುತ್ತಾರಾ? ಕುಮಾರಪರ್ವತ ಹತ್ತುವವರಿಗೆ ಗಿರಿಗದ್ದೆಯ ಭಟ್ಟರ ಮನೆಯ ಊಟ ಎಷ್ಟು ಪ್ರಸಿದ್ಧ ಅಂತ ಚಾರಣಕ್ಕೆ ಹೋದ ಯಾವ ಹುಡುಗನನ್ನು ಬೇಕಾದರೂ ಕೇಳಿ. ಅಲ್ಲಿದ್ದದ್ದು ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ಪಂಚತಾರಾ ಏನೂ ಇರಲಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಕುಟುಂಬ ಎರಡು ದಿನಕ್ಕೆ ಹತ್ತು ಸಾವಿರ ರೂಪಾಯಿ ಖರ್ಚು ಮಾಡಿತು ಎಂದು ಇಟ್ಟುಕೊಳ್ಳುವ. ರೆಸಾರ್ಟಿನಲ್ಲಾದರೆ ಅಕ್ಕಿ ಮಾರ್ಟಿನಿಂದ, ಮೀನು ಲಾರಿಯಿಂದ, ಮ್ಯಾನೇಜರ್ ಬೇರೆ ಊರಿನವ, ಲಾಭ ಬೆಂಗಳೂರಿಗೆ. ಊರಿಗೆ ಸಿಗುವುದು ವಾಚ್‌ಮ್ಯಾನ್ ಸಂಬಳ, ಗುಡಿಸುವವರ ಸಂಬಳ. ಅದೇ ಕುಟುಂಬ ಹೊಳೆಬದಿಯ ಒಂದು ಹಂಚಿನ ಮನೆಯಲ್ಲಿ ಉಳಿದರೆ, ಮೀನು ಪಕ್ಕದ ಬಲೆಯವನದ್ದು, ಎಳನೀರು ಆಚೆ ಮನೆಯದ್ದು, ದೋಣಿ ಇನ್ನೊಬ್ಬನದ್ದು, ಕರೆತರುವ ರಿಕ್ಷಾ ಊರಿನದ್ದೇ. ಒಂದೇ ನೋಟು ನಾಲ್ಕು ಮನೆ ಸುತ್ತುತ್ತದೆ. ವ್ಯಾಪಾರ ತಿಳಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸುವುದು ಬೇಡ.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ಪ್ರವಾಸಿಯೂ ಕಡಿಮೆ. ಆದ್ದರಿಂದ ಇದು ವರ್ಷವಿಡೀ ಕೈಹಿಡಿಯುವ ಉದ್ಯೋಗ ಅಂತ ನಾವು ಹೇಳುವುದಿಲ್ಲ. ಅಕ್ಟೋಬರ್‌ನಿಂದ ಮೇವರೆಗೆ ಸಿಗುವ ಎರಡನೇ ಆದಾಯ. ಇರುವ ಕೆಲಸ ಬಿಟ್ಟು, ಸಾಲ ಮಾಡಿ ಇದಕ್ಕೆ ಇಳಿಯಿರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮನೆಯ ಮರ್ಯಾದೆಯ ಪ್ರಶ್ನೆ

ನಮ್ಮ ಮನೆಗಳಲ್ಲಿ ಇದರ ಬಗ್ಗೆ ಮಾತು ತೆಗೆದ ತಕ್ಷಣ ಬರುವ ಹೆದರಿಕೆಗಳು ಗೊತ್ತಿದ್ದದ್ದೇ. ಗುರುತಿಲ್ಲದ ಗಂಡಸರು ಮನೆಯೊಳಗೆ ಬರುತ್ತಾರೆ. ಕುಡಿಯುತ್ತಾರೆ. ಹೆಣ್ಣುಮಕ್ಕಳಿಗೆ ಓಡಾಡಲು ಕಷ್ಟ. ಈ ಹೆದರಿಕೆ ಸುಳ್ಳಲ್ಲ, ಹಳೇ ಕಾಲದ್ದು ಅಂತ ತಳ್ಳಿಹಾಕುವುದೂ ಸರಿಯಲ್ಲ. ಆದರೆ ಉತ್ತರ ನಮ್ಮ ಹಳೆಯ ಮನೆಗಳಲ್ಲೇ ಉಂಟು. ಹೊರಗಿನವರಿಗೆ ಹೊರ ಚಾವಡಿ, ಪ್ರತ್ಯೇಕ ಬಾಗಿಲು, ಒಳಮನೆ ಬೇರೆ. ಅತಿಥಿಯ ಕೋಣೆ ಆ ಹೊರಬದಿಯಲ್ಲಿದ್ದರೆ ಸಾಕು. ಕುಟುಂಬ ಸಮೇತ ಬರುವವರಿಗೆ ಮಾತ್ರ ಅಂತ ಹೇಳಬಹುದು, ಮದ್ಯ ಇಲ್ಲ, ಹಂದಿಮಾಂಸ ಇಲ್ಲ ಎಂದು ಬುಕಿಂಗ್ ಮಾಡುವಾಗಲೇ ಬರೆದು ತಿಳಿಸಬಹುದು. ಇದರಿಂದ ಗಿರಾಕಿ ಬರುವುದಿಲ್ಲ ಅಂದುಕೊಳ್ಳಬೇಡಿ. ಮಕ್ಕಳನ್ನು ಕರೆದುಕೊಂಡು ಬರುವವರು, ಬೇರೆ ಧರ್ಮದವರು ಕೂಡ, ಗಲಾಟೆ ಇಲ್ಲದ ಇಂಥ ಜಾಗವನ್ನೇ ಹುಡುಕುತ್ತಾರೆ. ಹಲಾಲ್ ಊಟ, ನಮಾಝಿಗೆ ಜಾಗ ಸಿಗುವ ಕಡೆ ಹೋಗಬೇಕು ಎನ್ನುವ ನಮ್ಮವರೇ ರಜೆ ಬಂದರೆ ಎಲ್ಲೆಲ್ಲಿಗೋ ಹೋಗುತ್ತಾರೆ.

ಅತಿಥಿಯಿಂದ ಹಣ ತೆಗೆದುಕೊಳ್ಳುವುದು ಸರಿಯಾ ಎಂದು ಒಬ್ಬರು ಹಿರಿಯರು ಕೇಳಿದರು. ಬಂಧುವಾಗಿ ಬಂದವನು ಅತಿಥಿ, ಕೋಣೆ ಬಾಡಿಗೆಗೆ ಬಂದವನು ಗಿರಾಕಿ. ಗಿರಾಕಿಯಿಂದ ನ್ಯಾಯದ ಬೆಲೆ ತೆಗೆದುಕೊಳ್ಳುವುದು ವ್ಯಾಪಾರ, ಅದರಲ್ಲಿ ನಾಚಿಕೆ ಇಲ್ಲ. ಹೇಳಿದ ಕೋಣೆ, ಹೇಳಿದ ಊಟ, ಹೇಳಿದ ಬೆಲೆ. ಅದು ತಪ್ಪಿದರೆ ಮಾತ್ರ ನಾಚಿಕೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. 2012ರ ಜುಲೈಯಲ್ಲಿ ಮಂಗಳೂರಿನ ಪಡೀಲ್‌ನಲ್ಲಿ ಒಂದು ಹೋಂಸ್ಟೇಗೆ ನುಗ್ಗಿ, ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಹಲ್ಲೆ ಮಾಡಿದ್ದನ್ನು ಟಿವಿಯಲ್ಲಿ ಇಡೀ ದೇಶ ನೋಡಿತು. ಅಂದಿನಿಂದ ಮಂಗಳೂರು, ಹೋಂಸ್ಟೇ ಎರಡು ಶಬ್ದ ಒಟ್ಟಿಗೆ ಬಂದರೆ ಹೊರಗಿನವರು ಒಮ್ಮೆ ಯೋಚಿಸುತ್ತಾರೆ. ದಾರಿಯಲ್ಲಿ ಹೋಗುವವರನ್ನು ತಡೆದು ನಿನ್ನ ಹೆಸರೇನು, ಅವಳ ಹೆಸರೇನು ಅಂತ ಕೇಳುವ ಚಟ ಯಾವ ಕಡೆಯವರಿಗೆ ಇದ್ದರೂ ತಪ್ಪೇ, ನಮ್ಮ ಹುಡುಗರಿಗೆ ಇದ್ದರೂ ತಪ್ಪೇ. ಹೆದರಿಸುವ ಊರಿಗೆ ಯಾರೂ ದುಡ್ಡು ಕೊಟ್ಟು ಬರುವುದಿಲ್ಲ. ಹೊಳೆಯ ಈ ದಡದಲ್ಲಿ ಬ್ಯಾರಿ, ಆ ದಡದಲ್ಲಿ ಮೊಗವೀರ, ಕುದ್ರುವಿನಲ್ಲಿ ಕ್ರೈಸ್ತರು ಎಂಬುದು ನಮ್ಮ ಕರಾವಳಿಯ ನಕ್ಷೆ. ದೋಣಿ ಒಬ್ಬನದ್ದು, ಮನೆ ಇನ್ನೊಬ್ಬನದ್ದು ಆಗದೆ ಈ ಕೆಲಸ ನಡೆಯುವುದೇ ಇಲ್ಲ.

ಮರಳು, ಜನಸಂದಣಿ, ದೋಣಿ

ಹೊಳೆ ನೋಡಲು ಜನ ಬರಬೇಕಾದರೆ ಹೊಳೆ ಇರಬೇಕಲ್ಲ. ಅಡ್ಯಾರ್ ಹತ್ತಿರ ನೇತ್ರಾವತಿಯ ನಡುವೆ ಪಾವೂರು ಉಳಿಯ ಕುದ್ರು ಉಂಟು. ಅಲ್ಲಿಯ ಕ್ರೈಸ್ತ ಕುಟುಂಬಗಳು ದಡ ಸೇರಲು ವರ್ಷವರ್ಷ ತಾವೇ ತಾತ್ಕಾಲಿಕ ಸೇತುವೆ ಕಟ್ಟಿಕೊಳ್ಳುತ್ತಾರೆ. ಅಕ್ರಮ ಮರಳುಗಾರಿಕೆಯಿಂದ ತಮ್ಮ ಕುದ್ರು ಕರಗಿ ಹೋಗುತ್ತಿದೆ ಅಂತ ಅವರು ಪ್ರತಿಭಟನೆಯನ್ನೂ ಮಾಡಿದ್ದಾರೆ. ಮರಳಿನ ದಂಧೆಯಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದಾರೆ, ನಮ್ಮವರೂ ಇದ್ದಾರೆ. ರಾತ್ರಿ ಒಂದು ಲೋಡ್ ತೆಗೆದರೆ ಕೈಗೆ ಬರುವ ಹಣ ಹೋಂಸ್ಟೇಯಲ್ಲಿ ಒಂದು ತಿಂಗಳು ದುಡಿದರೂ ಬಾರದು ಅಂತ ವಾದ ಮಾಡುವವರಿಗೆ ಉತ್ತರ ಹೇಳುವುದು ಸುಲಭ ಅಲ್ಲ. ಆದರೆ ಬಾವಿಗೆ ಉಪ್ಪು ನೀರು ನುಗ್ಗಿದ ಮನೆಯವರು, ತೆಂಗಿನ ಮರ ಹೊಳೆಗೆ ಬಿದ್ದವರು ಆ ಲೋಡಿನ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ತೇಕ್ಕಡಿಯ ತೊಗಟೆಯವರದ್ದೂ ಇದೇ ಕತೆ ಆಗಿತ್ತು. ಅವರಿಗೆ ಬೇರೆ ದಾರಿ ತೋರಿಸಿದರು, ಇಲ್ಲಿ ಹೊಳೆಯ ಆಳ ಅಗಲ ಗೊತ್ತಿರುವ ಹುಡುಗರಿಗೆ ಆ ದಾರಿ ತೋರಿಸುವವರು ಬೇಕು.

ಪ್ರವಾಸಿಗಳು ಹೆಚ್ಚಾದರೂ ಕಷ್ಟ. ಕಳೆದ ಕೆಲವು ವರ್ಷಗಳಲ್ಲಿ ನಮ್ಮದೇ ಜಿಲ್ಲೆಯಲ್ಲಿ ನೋಡಿದ್ದೇವೆ. 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಜಾತ್ರೆಯ ಹಾಗೆ ಸೇರಿದ್ದರು. ಫೋಟೋ ಎಲ್ಲರ ಮೊಬೈಲಿಗೂ ಬಂತು. ಕೊನೆಗೆ ಸರಕಾರ ಆನ್‌ಲೈನ್ ಟಿಕೆಟ್ ಇಲ್ಲದೆ ಚಾರಣ ಇಲ್ಲ, ದಿನಕ್ಕೆ ಇಷ್ಟೇ ಮಂದಿ ಅಂತ ಮಿತಿ ಹಾಕಬೇಕಾಯಿತು. ಕೊಡಗಿನಲ್ಲಿ ಗಲ್ಲಿಗೊಂದು ಹೋಂಸ್ಟೇ ಆಗಿ, ನೋಂದಣಿ ಇಲ್ಲದವು ಎಷ್ಟೋ ತಲೆ ಎತ್ತಿ, ಕಸ ಮತ್ತು ನೀರಿನ ತಕರಾರು ಎದ್ದಿದ್ದನ್ನು ಅಲ್ಲಿರುವ ನಮ್ಮ ಬಂಧುಗಳು ಹೇಳುತ್ತಾರೆ. ಒಂದು ಊರಿಗೆ ಎಷ್ಟು ಮನೆ, ಒಂದು ಮನೆಗೆ ಎಷ್ಟು ಕೋಣೆ, ಹೊಳೆಗೆ ದಿನಕ್ಕೆ ಎಷ್ಟು ದೋಣಿ ಎನ್ನುವುದನ್ನು ಶುರುವಿನಲ್ಲೇ ಗ್ರಾಮಸಭೆಯಲ್ಲಿ ತೀರ್ಮಾನ ಮಾಡಬೇಕು. ಹತ್ತು ಮಂದಿ ಹಾಕಿದ ಮೇಲೆ ಹನ್ನೊಂದನೆಯವನಿಗೆ ಬೇಡ ಅನ್ನಲು ಆಗುವುದಿಲ್ಲ.

ದೋಣಿಯ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ತೇಕ್ಕಡಿಯನ್ನು ಮೇಲೆ ಹೊಗಳಿದೆವು. ಅದೇ ಕೆರೆಯಲ್ಲಿ 2009ರ ಸೆಪ್ಟೆಂಬರ್ 30ರಂದು ಪ್ರವಾಸಿ ದೋಣಿ ಮಗುಚಿ 45 ಮಂದಿ ತೀರಿಹೋದರು. ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 2023ರ ಮೇ 7ರಂದು, ರಜೆಯ ಆದಿತ್ಯವಾರ ಸಂಜೆ, ಅಳಿವೆಯಲ್ಲಿ ದೋಣಿ ಮುಳುಗಿ 22 ಮಂದಿ ಹೋದರು. ಒಂದೇ ಕುಟುಂಬದ ಹನ್ನೊಂದು ಮಯ್ಯಿತ್ ಒಂದೇ ದಿನ ಮಣ್ಣು ಮಾಡಿದ್ದನ್ನು ನೋಡಿ ನಮ್ಮ ಮನೆಗಳಲ್ಲೂ ಆ ರಾತ್ರಿ ಊಟ ಸೇರಿರಲಿಲ್ಲ. ಅದು ಮೀನುಗಾರಿಕಾ ದೋಣಿಯನ್ನು ಮಾರ್ಪಡಿಸಿದ್ದು, ಹತ್ತಿಸಿದ್ದು ಮಿತಿಗಿಂತ ಹೆಚ್ಚು ಮಂದಿ, ಹೊರಟದ್ದು ಹೊತ್ತು ಮುಳುಗುವಾಗ. ನಮ್ಮಲ್ಲಿ ಈಗಲೂ ಹಬ್ಬದ ಮರುದಿನ ಪರಿಚಯದವನ ದೋಣಿ ಎಂದು ಮಕ್ಕಳನ್ನು ತುಂಬಿಸಿ ಹೊಳೆಗೆ ಇಳಿಸುವವರಿದ್ದಾರೆ. ಒಳನಾಡು ಹಡಗುಗಳಿಗೆ 2021ರ ಕಾಯ್ದೆ ಉಂಟು, ನೋಂದಣಿ, ತಪಾಸಣೆ ಎಲ್ಲ ಉಂಟು. ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಿ ಕಟ್ಟಿ ಇಡಲಿಕ್ಕಲ್ಲ, ಮೈಮೇಲೆ ಹಾಕಲಿಕ್ಕೆ. ಇಷ್ಟು ಮಾಡಲು ಆಗದವರು ದೋಣಿಯ ಕೆಲಸಕ್ಕೆ ಇಳಿಯುವುದೇ ಬೇಡ, ಊಟದ ಮನೆ ಮಾಡಲಿ.

ಕಾಗದಪತ್ರ

ಹೊಳೆಬದಿಯಲ್ಲಿ, ಕಡಲಬದಿಯಲ್ಲಿ ಏನೂ ಕಟ್ಟಲಿಕ್ಕೆ ಬಿಡುವುದಿಲ್ಲ, ಮತ್ತೆ ನಾವು ಏನು ಮಾಡುವುದು ಅಂತ ಕೇಳುತ್ತಾರೆ. ಸಿಆರ್‌ಝೆಡ್ ಎಂದು ಎಲ್ಲರೂ ಹೆದರುವ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ನಮ್ಮಂಥವರಿಗೆ ಅನುಕೂಲದ ಒಂದು ಮಾತು ಉಂಟು. ಮೀನುಗಾರರೂ ಸೇರಿ ಸ್ಥಳೀಯ ಜನ ತಮ್ಮ ಈಗಿನ ಮನೆಯಲ್ಲೇ, ಪಾಯದ ಅಳತೆ, ವಿನ್ಯಾಸ, ಮುಖ ಬದಲಿಸದೆ ಹೋಂಸ್ಟೇ ನಡೆಸಲು ಅದರಲ್ಲಿ ಅವಕಾಶ ಕೊಟ್ಟಿದೆ. ಅಂದರೆ ಅಜ್ಜ ಕಟ್ಟಿದ ಹಂಚಿನ ಮನೆ ಉಳಿಸಿಕೊಂಡವನಿಗೆ ಇರುವ ಅನುಕೂಲ, ಅದನ್ನು ಕೆಡವಿ ಕಾಂಕ್ರೀಟ್ ಹಾಕುವವನಿಗೆ ಇಲ್ಲ. ಮನೆ ಕೆಡವುವ ಮೊದಲು ಈ ವಿಷಯವನ್ನು ಪಂಚಾಯತಿನಲ್ಲಿ, ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ ನೋಡಿ.

ಹೋಂಸ್ಟೇ ಎಂದರೆ ಮನೆಯವರು ಅಲ್ಲೇ ವಾಸ ಇರಬೇಕು. ಖಾಲಿ ಮನೆಗೆ ಬೀಗದ ಕೈ ಕೊಟ್ಟು ದುಬೈಯಲ್ಲಿ ಕೂತು ಹಣ ಎಣಿಸುವುದು ಹೋಂಸ್ಟೇ ಅಲ್ಲ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು, ಅಡುಗೆ ಕೊಡುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಬೇಕು, ಬಂದವರ ಗುರುತಿನ ಚೀಟಿಯ ಪ್ರತಿ ತೆಗೆದು ರಿಜಿಸ್ಟರಿನಲ್ಲಿ ಬರೆಯಬೇಕು. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಈ ಕೆಲಸವನ್ನು ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಮೊಬೈಲಿನಲ್ಲೇ ಮಾಡಿ ಮುಗಿಸುತ್ತಾರೆ. ಒಬ್ಬೊಬ್ಬರೇ ಓಡುವ ಬದಲು ಊರಿನ ಸ್ವಸಹಾಯ ಗುಂಪಿನಲ್ಲಿ ಐದಾರು ಮನೆ ಸೇರಿ ಹೋದರೆ ಕಚೇರಿಯಲ್ಲೂ ಮಾತು ಕೇಳುತ್ತಾರೆ.

ಕೊನೆಗೆ ಆ ಹತ್ತು ಸೆಂಟ್ಸಿನ ವಿಷಯ. ಹಣದ ತುರ್ತು ಇದ್ದರೂ ಮಾರುವುದೊಂದೇ ದಾರಿ ಅಲ್ಲ. ಕೆಲವು ವರ್ಷಕ್ಕೆ ಮಾತ್ರ ಲೀಸಿಗೆ ಕೊಡುವುದುಂಟು, ಜಾಗ ನಮ್ಮದಾಗಿ ಉಳಿಸಿಕೊಂಡು ಪಾಲುದಾರಿಕೆ ಮಾಡುವುದೂ ಉಂಟು. ಲೀಸಿನ ಕಾಗದವನ್ನು ಬ್ರೋಕರ್ ತಂದ ವಕೀಲನಿಗೆ ಅಲ್ಲ, ನಿಮ್ಮದೇ ವಕೀಲರಿಗೆ ತೋರಿಸಿ. ಎಷ್ಟು ವರ್ಷ, ಹೊಳೆಗೆ ಇಳಿಯುವ ದಾರಿ ಊರಿನವರಿಗೆ ತೆರೆದಿರುತ್ತದಾ, ಬಾವಿಯ ನೀರು ಯಾರಿಗೆ, ಕೊಳಚೆ ಎಲ್ಲಿಗೆ ಬಿಡುತ್ತಾರೆ ಎಂದು ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ. ಪಹಣಿ ತೆಗೆದು ಹೆಸರು ನೋಡಿ. ಬಾಪನ ಕಾಲದ ಜಾಗ ಆದರೆ ಮದುವೆಯಾಗಿ ಹೋದ ತಂಗಿ, ಅಕ್ಕಂದಿರ ಪಾಲೂ ಅದರಲ್ಲಿ ಉಂಟು. ಟೋಕನ್ ಹಣ ತೆಗೆದುಕೊಂಡ ಮೇಲೆ ಅವರಿಗೆ ಫೋನ್ ಮಾಡಿ ಸಹಿಗೆ ಕರೆಯುವುದು ಬೇಡ, ಅದಕ್ಕಿಂತ ಮೊದಲೇ ಕೂರಿಸಿ ಕೇಳಿ.